ಅಡುಗೆಯಮ್ಮನ ರೀಡಿಂಗ್

ಆ ಫಾರ್ಮಿನಲ್ಲಿ ಹದಿನಾಲ್ಕು ಕಲಂ ಇದ್ದವು. ಹನ್ನೊಂದನೆಯದು ‘ಊಟ, ತಿಂಡಿ ಆಗಿದೆಯೇ?’ ಅಂತ. ಅದರ ಮುಂದೆ ಎರಡು ಸಣ್ಣ ಚೌಕ: ಹೌದು, ಇಲ್ಲ. ಕೇಳಿ ಟಿಕ್ ಹಾಕುವುದು ನನ್ನ ಕೆಲಸವಾಗಿತ್ತು.

ಹೊರಗಿನ ಕೆಲಸ ಮಾಡಿದವಳಲ್ಲ ನಾನು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ. ಮಹಿಳಾ ಮಂಡಳಿಯ ಬೋರ್ಡಿನ ಮೇಲೆ ನಾನು ಬರೆದ ನೋಟಿಸು ಓದಿ ಒಂದು ಸಂಜೆ ಮನೆಗೇ ಬಂದರು. “ಅಕ್ಷರ ಚೆನ್ನಾಗಿದೆ, ಇಂಗ್ಲಿಷ್ ರಿಪೋರ್ಟ್ ಓದೋಕೆ ಬರುತ್ತೆ, ಮಾತು ಮೆತ್ತಗೆ. ನಂಗೆ ಇಂಥವರೇ ಬೇಕು” ಅಂದರು. ಹರಿಹರದ ಒಂದು ಸಮುದಾಯ ಭವನದಲ್ಲಿ ಲಿವರ್ ತಪಾಸಣೆಯ ಕ್ಯಾಂಪು. ಕೊಬ್ಬು ತುಂಬಿದ ಲಿವರ್ ಇರುವವರಲ್ಲಿ ಯಾರ ಲಿವರಿಗೆ ಒಳಗೊಳಗೇ ಗಾಯದ ಕಲೆ ಕಟ್ಟುತ್ತಿದೆ, ಯಾರದು ಗಟ್ಟಿಯಾಗುತ್ತಿದೆ ಅಂತ ಮೊದಲೇ ಕಂಡುಹಿಡಿಯಬೇಕು. ನನಗೆ ತಿಳಿಯಲಿ ಅಂತ ಅವರೇ ಅಡುಗೆಮನೆಯ ಮಾತಲ್ಲಿ ಹೇಳಿದರು. “ಚಪಾತಿ ಹಿಟ್ಟು ಕಲಸಿಟ್ಟು ಬೆರಳಲ್ಲಿ ಒತ್ತಿ ನೋಡ್ತೀರಲ್ಲ, ಈ ಮಷಿನ್ನೂ ಅಷ್ಟೇ. ಹೊರಗಿಂದ ಒತ್ತಿ ನೋಡುತ್ತೆ, ಮೆತ್ತಗಿದೆಯೋ ಗಟ್ಟಿಯೋ ಅಂತ.”

ನಮ್ಮ ಮನೆಯವರು, “ಹೋಗು, ದಿನಾ ಮನೇಲಿ ಕೂತು ಏನು ಮಾಡ್ತಿ” ಅಂದರು. ದಿನಾ ಮನೆಯಲ್ಲಿ ನಾನು ಕೂತದ್ದು ಯಾವಾಗ ಅಂತ ಕೇಳಲಿಲ್ಲ. ಬೆಳಗಿನ ಬಸ್ಸು ಹಿಡಿದು ಹೋದೆ.

ಮೊದಲ ಸುತ್ತು ರಕ್ತ ಪರೀಕ್ಷೆ. ಸಕ್ಕರೆ ಕಾಯಿಲೆಯವರು, ದಪ್ಪ ಮೈಯವರು, ಎಂದೋ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್’ ಅಂತ ಬರೆಸಿಕೊಂಡು ಆ ಚೀಟಿಯನ್ನು ಬೀರುವಿನಲ್ಲಿ ಮರೆತವರು. ಲ್ಯಾಬಿನ ರಿಪೋರ್ಟ್ ಬಂದ ಮೇಲೆ ನಾನು ಕೂತು ಮಾಡುವ ಕೆಲಸ ಶುರು. ವಯಸ್ಸನ್ನು ಎಎಸ್‌ಟಿ ಎಂಬ ಲಿವರಿನ ಅಂಶದಿಂದ ಗುಣಿಸಬೇಕು. ಎಎಲ್‌ಟಿ ಎಂಬ ಇನ್ನೊಂದರ ವರ್ಗಮೂಲ ತೆಗೆದು ಪ್ಲೇಟ್‌ಲೆಟ್ಟಿನಿಂದ ಗುಣಿಸಬೇಕು. ಮೊದಲಿನದನ್ನು ಎರಡನೆಯದರಿಂದ ಭಾಗಿಸಬೇಕು. ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಇದ್ದರೆ ನೂರೈವತ್ತು ಅಂತಷ್ಟೇ ಹಾಕಬೇಕು. ಇದನ್ನು ಡಾಕ್ಟರಮ್ಮ ಕೆಂಪು ಪೆನ್ನಿನಲ್ಲಿ ನನ್ನ ಪುಸ್ತಕದ ಮೇಲೆಯೇ ಬರೆದುಕೊಟ್ಟಿದ್ದರು. ಉತ್ತರ ಒಂದು ಪಾಯಿಂಟ್ ಮೂರಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಭಯವಿಲ್ಲ. ಎರಡು ಪಾಯಿಂಟ್ ಆರು ಏಳು ದಾಟಿದರೆ ನೇರ ದೊಡ್ಡ ಆಸ್ಪತ್ರೆಗೆ. ನಡುವೆ ನಿಂತವರಿಗೆ ಮಷಿನ್.

ರಕ್ತ ಪರೀಕ್ಷೆಯ ದಿನವೇ ನಾನು ಅಡುಗೆಯಮ್ಮನನ್ನು ಮೊದಲು ನೋಡಿದ್ದು. ಕಡರನಾಯಕನಹಳ್ಳಿಯವರು. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಸುತ್ತಲ ಊರುಗಳಿಗೆ ಅಡುಗೆಗೆ ಹೋಗುವವರು. ಕ್ಯಾಂಪಿನ ಚಹಾ, ತಿಂಡಿಯೂ ಅವರದೇ. ನನಗಿಂತ ಎರಡು ವರ್ಷ ದೊಡ್ಡವರು, ಐವತ್ತನಾಲ್ಕು. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ ಆಗಿತ್ತು. ಸೆರಗನ್ನು ಸೊಂಟಕ್ಕೆ ಬಿಗಿದು ದೊಡ್ಡ ಹೆಜ್ಜೆ ಹಾಕಿ ನಡೆಯುತ್ತಿದ್ದರು. ಎಡಗೈಯಲ್ಲಿ ಹಸಿರು ಬಳೆ, ಬಲಗೈ ಬರಿದು. ಸೌಟಿಗೆ ತಾಗಿ ಒಡೆಯುತ್ತವಂತೆ.

“ನೀವೂ ರಕ್ತ ಕೊಡ್ರಿ ಅಕ್ಕಾ” ಅಂದೆ.

“ನಂದಾ? ಕುಡಿಯೋನು ನನ್ನ ಗಂಡ. ಲಿವರ್ ಕೆಟ್ಟಿದ್ರೆ ಅವಂದು ಕೆಟ್ಟಿರ್ಬೇಕು. ಎಳ್ಕೊಂಡು ಬರ್ಲೇನ್ರಿ?”

“ಅವರನ್ನೂ ಕರ್ಕೊಂಡು ಬರ್ರಿ. ಮೊದಲು ನಿಮ್ದು.”

“ನಾನು ಕುಡಿಯೋದು ಚಹಾ ಒಂದ. ಅದ್ಕೂ ಸಕ್ಕರಿ ಹಾಕಂಗಿಲ್ಲ ಅಂತೀರಿ. ಚಹಾಕ್ಕ ಲಿವರ್ ಕೆಡ್ತೈತೇನು, ಅಕ್ಕಾರೆ?” ಅಂತ ನಗುತ್ತಲೇ ತೋಳು ಚಾಚಿದರು. ಅಂಗೈ ಕೆಂಪಗಿತ್ತು. ಬೆರಳ ಬುಡದಲ್ಲಿ, ಹೆಬ್ಬೆರಳಿನ ಉಬ್ಬಿನಲ್ಲಿ ಕುಂಕುಮ ಒರೆಸಿದ ಹಾಗೆ. ಒಲೆಯ ಕಾವು ಅಂದುಕೊಂಡೆ. ಲಿವರ್ ಸೋತವರ ಅಂಗೈಗೆ ಹಾಗೆ ಬಣ್ಣ ಬರುವುದುಂಟು ಅಂತ ತಿಳಿದದ್ದು ಆಮೇಲೆ.

ಅವರ ಉತ್ತರ ಎರಡು ಪಾಯಿಂಟ್ ಐದು ಎರಡು ಬಂತು. ಮೇಲಿನ ಗೆರೆಗೆ ಚೂರೇ ಕೆಳಗೆ. ಎರಡು ಸಲ ಮಾಡಿ ನೋಡಿದೆ. ಮಷಿನಿನ ಪಟ್ಟಿಗೆ ಹೆಸರು ಸೇರಿಸಿದೆ.

ಮಷಿನ್ ಬರುವ ದಿನ ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬರಬೇಕಿತ್ತು. ಪರೀಕ್ಷೆಗೆ ಮುಂಚೆ ಮೂರು ತಾಸು ಏನೂ ತಿನ್ನಬಾರದು. ತಿಂದರೆ ಲಿವರಿಗೆ ರಕ್ತ ಹೆಚ್ಚು ಹರಿಯುತ್ತದೆ, ಮೆತ್ತಗಿದ್ದದ್ದೂ ಬಿಗಿಯಾದಂತೆ ತೋರುತ್ತದೆ. ಇದನ್ನು ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿದವಳು ನಾನೇ. ಎಂಟು ಗಂಟೆಗೇ ಭವನ ತುಂಬಿತು. ಒಳಗೆ ಹೋಗುತ್ತಿದ್ದ ಹಾಗೆ ಅಡುಗೆಯಮ್ಮ, “ತಿಂಡಿ ಆತೇನ್ರಿ ಅಕ್ಕಾರೆ?” ಅಂದರು. “ಆತು” ಅಂದೆ. ಹೊಟ್ಟೆಯಲ್ಲಿ ಒಂದು ಲೋಟ ಕಾಫಿ ಬಿಟ್ಟರೆ ಏನೂ ಇರಲಿಲ್ಲ.

ಒಂಬತ್ತಕ್ಕೆ ಬರಬೇಕಾದ ಮಷಿನ್ ಹತ್ತಾದರೂ ಬರಲಿಲ್ಲ. ಮಷಿನಿನ ಕಾರಿನಲ್ಲೇ ಡಾಕ್ಟರಮ್ಮ. ದಾರಿಯಲ್ಲಿ ಕಾರು ಕೆಟ್ಟು ನಿಂತಿದೆ ಅಂತ ಫೋನು ಬಂತು. ಹತ್ತೂವರೆಯ ಹೊತ್ತಿಗೆ ಮುಂದಿನ ಸಾಲಿನ ಒಬ್ಬ ಹಿರಿಯರು ಬೆವರತೊಡಗಿದರು. ಮನೆಯಿಂದ ಹೊರಡುವಾಗ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬಂದಿದ್ದರು. ಬೆರಳು ನಡುಗುತ್ತಿದ್ದವು. ಓಡಿಹೋಗಿ ಸಕ್ಕರೆ ನೀರು ತಂದು ಕುಡಿಸಿದೆ. ಅದು ಸರಿಯೇ. ಅಲ್ಲಿಗೇ ನಿಲ್ಲಿಸಬೇಕಿತ್ತು.

ಅವರಿಗೆ ಒಂದು ತಟ್ಟೆ ಉಪ್ಪಿಟ್ಟು ಕೊಡೋಣ ಅನ್ನಿಸಿತು. ಪಕ್ಕದಲ್ಲಿ ಕೂತವರೂ ಸಕ್ಕರೆಯವರೇ. ಆ ಪಕ್ಕದವರೂ. ಸಾಲಾಗಿ ಕೂತವರಲ್ಲಿ ಒಬ್ಬರಿಗೆ ಬಡಿಸಿ ಇನ್ನೊಬ್ಬರ ಮುಂದೆ ಖಾಲಿ ಕೈಯಲ್ಲಿ ಹೇಗೆ ಹಾಯುವುದು? ಪಂಕ್ತಿಯಲ್ಲಿ ಭೇದ ಮಾಡಬಾರದು ಅಂತ ಕೇಳಿಕೊಂಡೇ ಬೆಳೆದವಳು. ಅಡುಗೆಮನೆಗೆ ಹೋಗಿ, “ಎಲ್ಲರಿಗೂ ಕೊಟ್ಟುಬಿಡ್ರಿ ಅಕ್ಕಾ” ಅಂದೆ.

ಅವರು ಸೌಟು ಹಿಡಿದು ನಿಂತರು. “ಏನೂ ಕೊಡಬ್ಯಾಡ್ರಿ ಅಂತ ಡಾಕ್ಟರಮ್ಮಾರು ಹೇಳ್ಯಾರಲ್ರಿ?”

“ತಲೆ ತಿರುಗಿ ಬಿದ್ದರೆ?”

“ಅದೂ ಖರೇನ” ಅಂದರು. ತಾವೇ ಬುಟ್ಟಿ ಹಿಡಿದು ಬಡಿಸುತ್ತ ಹೋದರು. “ಹಾಕಿಸ್ಕೊಳ್ರಿ ಯಜಮಾನ್ರೆ, ನಾಚ್ಕೋಬ್ಯಾಡ್ರಿ, ನಿಮ್ಮ ಮಾವನ ಮನಿ ಅಲ್ಲ ಇದು.” ಇಡೀ ಭವನ ನಕ್ಕಿತು. ನನಗೂ ಏನೋ ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ಮಷಿನ್ ಬಂದಾಗ ಹನ್ನೊಂದೂಮುಕ್ಕಾಲು. ಬಂದವರನ್ನು ಅಂಗಾತ ಮಲಗಿಸಿ, ಬಲಗೈ ತಲೆಯಡಿ ಇರಿಸಿ, ಪಕ್ಕೆಲುಬಿನ ನಡುವೆ ತಣ್ಣನೆಯ ಜೆಲ್ ಹಚ್ಚಿ, ಟೆಕ್ನಿಷಿಯನ್ ಒಂದು ಗಿಡ್ಡ ಕೋಲಿನಂಥದ್ದನ್ನು ಆನಿಸುತ್ತಿದ್ದ. ಒಳಗಿಂದ ಟಪ್ ಅಂತ ಒಂದು ತಟ್ಟು, ಬೆರಳಲ್ಲಿ ಚಿಮ್ಮಿದ ಹಾಗೆ. ಅಂಥ ಹತ್ತು ತಟ್ಟು. ಹತ್ತರಲ್ಲಿ ನಡುವಿನದು ಆ ಮನುಷ್ಯನ ರೀಡಿಂಗ್. ಎಂಟರ ಕೆಳಗಿದ್ದರೆ ನಿಶ್ಚಿಂತೆ.

ಮೊದಲಿನವರದು ಹತ್ತು. ಆಮೇಲೆ ಒಂಬತ್ತೂವರೆ. ಹನ್ನೊಂದು. ಟೆಕ್ನಿಷಿಯನ್ ಕೋಲನ್ನು ಒರೆಸಿ ತಿರುವಿ ನೋಡಿದ. “ಏನ್ ಮೇಡಂ, ಹರಿಹರದೋರ ಲಿವರೆಲ್ಲ ಕಲ್ಲಾಗ್ಯಾವೇನು?” ಅಂದ. ಡಾಕ್ಟರಮ್ಮ ನನ್ನ ಮೇಜಿನಿಂದ ಫಾರ್ಮುಗಳನ್ನು ಎತ್ತಿಕೊಂಡು ಹನ್ನೊಂದನೆಯ ಕಲಮಿನ ಮೇಲೆ ಬೆರಳಾಡಿಸುತ್ತ ಹೋದರು. ಹೌದು, ಹೌದು, ಹೌದು. ನಾನು ಪ್ರಾಮಾಣಿಕಳಾಗಿ ಟಿಕ್ ಹಾಕಿದ್ದೆ.

“ಯಾರು ಕೊಟ್ಟದ್ದು?”

“ನಾನೇ.”

ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. “ತಿಂದೂ ಕಡಿಮೆ ಬಂದದ್ದು ಕಡಿಮೆಯೇ, ಅದನ್ನ ನಂಬಬಹುದು. ತಿಂದು ಜಾಸ್ತಿ ಬಂದವರ ಫಾರ್ಮ್ ಬೇರೆ ಇಡಿ. ಅವರಿಗೆಲ್ಲ ಹದಿನೈದು ದಿನ ಬಿಟ್ಟು ಮತ್ತೆ ಮಾಡೋಣ” ಅಂದರು. ಅಂಥ ಫಾರ್ಮುಗಳ ಮೂಲೆಗೆ ನೀಲಿ ಗೆರೆ ಎಳೆಯುತ್ತ ಬಂದೆ.

ಸಾಲು ಮುಗಿಯುವ ಹೊತ್ತಿಗೆ ಅಡುಗೆಯಮ್ಮನನ್ನು ಕೂಗಿದೆ. ಪಾತ್ರೆ ತಿಕ್ಕುವುದು ಬಿಟ್ಟು ಕೈಯನ್ನು ಸೆರಗಿಗೆ ಒರೆಸುತ್ತ ಬಂದರು. ಮೈಯೆಲ್ಲ ಒಗ್ಗರಣೆಯ ವಾಸನೆ.

“ಊಟ ಆತೇನ್ರಿ ಅಕ್ಕಾ?”

“ಆತ್ರಿ, ಆತು ಆತು.”

‘ಹೌದು’ ಚೌಕಕ್ಕೆ ಟಿಕ್ ಹಾಕಿದೆ. ಕೇಳಿಯೇ ಹಾಕಿದೆ.

ಅವರ ರೀಡಿಂಗ್ ಇಪ್ಪತ್ತು ಪಾಯಿಂಟ್ ನಾಲ್ಕು. ಡಾಕ್ಟರಮ್ಮ ಫಾರ್ಮಿನ ‘ಹೌದು’ ಚೌಕದ ಮೇಲೆ ಬೆರಳಿಟ್ಟರು. “ಖಾಲಿ ಹೊಟ್ಟೇಲಿ ಇಷ್ಟು ಬಂದಿದ್ರೆ ಇವತ್ತೇ ದಾವಣಗೆರೆಗೆ ಕಳಿಸ್ತಿದ್ದೆ, ಎಂಡೋಸ್ಕೋಪಿ ಮಾಡಿಸೋಕೆ. ತಿಂದಿದ್ದಾರಲ್ಲ, ಎಷ್ಟು ನಂಬೋದೋ ಗೊತ್ತಾಗ್ತಿಲ್ಲ. ಇವರನ್ನ ಮಾತ್ರ ಬಿಡಬೇಡಿ. ರಿಪೀಟ್‌ಗೆ ತಪ್ಪದೆ ಕರೆಸಿ.” ತಲೆಯಾಡಿಸಿ ನೀಲಿ ಗೆರೆ ಎಳೆದೆ. ಇವರಿಗೆ ಎರಡು ಗೆರೆ.

ಮರು ಪರೀಕ್ಷೆಯ ಹಿಂದಿನ ದಿನ ಅವರಿಗೆ ಫೋನು ಮಾಡಿದೆ. ಆ ಕಡೆ ಪಾತ್ರೆಗಳ ಸದ್ದು.

“ನಾಳೀಗ ಕೊಂಡಜ್ಜಿಯಾಗ ಮದುವಿ ಅಡುಗಿ ಐತ್ರಿ. ಹೋಳಿಗಿ ಬ್ಯಾರೆ. ಬಿಡಂಗಿಲ್ಲ. ಏನಾರ ಭಾಳ ಐತೇನ್ರಿ ನಂಗ?”

ಆ ದನಿಯಲ್ಲಿ ತಮಾಷೆ ಇರಲಿಲ್ಲ. ಹೆದರಿಸಬಾರದು ಅನ್ನಿಸಿತು. “ಏನಿಲ್ಲ ಅಕ್ಕಾ, ಗಾಬರಿ ಬ್ಯಾಡ. ಊಟ ಮಾಡಿದ್ದಕ್ಕೆ ಜಾಸ್ತಿ ತೋರಿಸೈತೆ, ಎಲ್ಲರಿಗೂ ಹಂಗೇ ಆಗೈತೆ. ಮುಂದಿನ ಸಲ ಮಷಿನ್ ಬಂದಾಗ ಬರ್ರಿ” ಅಂದೆ.

“ಹಂಗಂತೀರಾ? ಆತು ಬಿಡ್ರಿ” ಅಂದರು.

ಮರು ಪರೀಕ್ಷೆಗೆ ಬಂದವರದೆಲ್ಲ ಇಳಿದಿತ್ತು. ಹನ್ನೊಂದಿದ್ದದ್ದು ಏಳು, ಹತ್ತಿದ್ದದ್ದು ಆರೂವರೆ. ಒಂದೊಂದು ಅಂಕಿ ಇಳಿದಾಗಲೂ ನನ್ನ ಎದೆಯ ಭಾರ ಇಳಿಯಿತು. ಡಾಕ್ಟರಮ್ಮ, “ನಮ್ಮ ಅಡುಗೆಯವರು?” ಅಂತ ಕೇಳಿದರು. “ಮದುವೆ ಇದೆಯಂತೆ, ಮುಂದಿನ ಸಲ ಬರ್ತಾರೆ” ಅಂದೆ. ಇವರದೂ ಇಳಿದೇ ಇರುತ್ತದೆ ಅಂತ ಮನಸ್ಸಿನಲ್ಲಿ ಆಗಲೇ ಬರೆದುಕೊಂಡುಬಿಟ್ಟಿದ್ದೆ. ಮಷಿನ್ ಬೇರೆ ಊರುಗಳಿಗೆ ಹೋಯಿತು. ಮುಂದಿನ ಸಲ ಅನ್ನುವುದು ತಿಂಗಳಿಂದ ತಿಂಗಳಿಗೆ ಮುಂದೆ ಹೋಯಿತು. ಮನೆಯಲ್ಲಿ ಹಪ್ಪಳ, ಸಂಡಿಗೆ, ನೆಂಟರು. ಒಮ್ಮೆ ಬಸ್ಸಿನ ಕಿಟಕಿಯಿಂದ ಅವರನ್ನು ಕಂಡಂತಾಯಿತು. ನಡಿಗೆ ನಿಧಾನವಾಗಿತ್ತು. ಬೇರೆ ಯಾರೋ ಇರಬೇಕು ಅಂದುಕೊಂಡೆ.

ಏಳು ತಿಂಗಳ ಮೇಲೆ ಡಾಕ್ಟರಮ್ಮನ ಫೋನು. ಅಡುಗೆಯಮ್ಮ ಯಾರದೋ ಮನೆಯ ಒಲೆಯ ಮುಂದೆ ರಕ್ತ ವಾಂತಿ ಮಾಡಿಕೊಂಡು ಬಿದ್ದರಂತೆ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿದ್ದಾರೆ. ಗಟ್ಟಿಯಾದ ಲಿವರಿನೊಳಗೆ ಹರಿಯಲಾರದ ರಕ್ತ ಅನ್ನನಾಳದ ರಕ್ತನಾಳಗಳನ್ನು ಉಬ್ಬಿಸಿತ್ತು. ಅದರಲ್ಲೊಂದು ಒಡೆದಿತ್ತು. ಎಂಡೋಸ್ಕೋಪಿಯಲ್ಲಿ ರಬ್ಬರ್ ಪಟ್ಟಿ ಬಿಗಿದು ರಕ್ತ ನಿಲ್ಲಿಸಿದ್ದರು. ಮೊದಲೇ ನೋಡಿದ್ದರೆ ಒಡೆಯುವ ಮುಂಚೆಯೇ ಆ ಪಟ್ಟಿ ಹಾಕಬಹುದಿತ್ತಂತೆ, ಮಾತ್ರೆಯನ್ನಾದರೂ ಕೊಡಬಹುದಿತ್ತಂತೆ.

ವಾರ್ಡಿಗೆ ಹೋದಾಗ ಅವರು ನಿದ್ದೆಯಲ್ಲಿದ್ದರು. ಹೊದಿಕೆಯಡಿ ಹೊಟ್ಟೆ ಎತ್ತರವಾಗಿತ್ತು. ಎಡಗೈಯ ಹಸಿರು ಬಳೆ ತೆಗೆದು ಅಲ್ಲಿ ಸೂಜಿ ಚುಚ್ಚಿದ್ದರು. ಹತ್ತಿರ ಕೂತಿದ್ದ ಸೊಸೆಗೆ ಬಿಸ್ಕೆಟ್ ಪೊಟ್ಟಣ ಕೊಟ್ಟು ಮಾತಿಗೆ ಕೂತೆ. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಕಣ್ಣ ಕೆಳಗೆ ಕಪ್ಪು.

“ನಮ್ಮತ್ತಿಗೆ ಹೊಟ್ಟಿ ಅನ್ನೋದ ನೆನಪಿರಂಗಿಲ್ರಿ” ಅಂದಳು. “ಅಡುಗಿಗೆ ಹೋದ ದಿನ ಎಲ್ಲಾರ್ದೂ ಎಲಿ ಎತ್ತೋತನ ಒಂದು ತುತ್ತು ಬಾಯಾಗ ಇಡಂಗಿಲ್ಲ. ರುಚಿ ಸೈತ ನೋಡಂಗಿಲ್ಲ, ವಾಸನಿ ಮ್ಯಾಲೆ ಉಪ್ಪು ಹೇಳ್ತಾರ. ಮಾತ್ರಿ ನುಂಗಿ ಖಾಲಿ ಹೊಟ್ಯಾಗ ಇದ್ರ ಇನ್ನೇನಾಕ್ಕತಿ?”

ನಾನು ಆ ಬಿಸ್ಕೆಟ್ ಪೊಟ್ಟಣದ ಮೇಲಿನ ಅಕ್ಷರ ಓದುತ್ತ ಕೂತೆ. ಅವತ್ತು ಅವರ ಪರೀಕ್ಷೆ ನಡೆದಾಗ ಭವನದಲ್ಲಿ ಇನ್ನೂ ಐದಾರು ಜನ ತಿನ್ನುತ್ತಿದ್ದರು. ಪರೀಕ್ಷೆ ಮುಗಿದವರಿಗೆ ಇವರೇ ಮತ್ತೆ ಉಪ್ಪಿಟ್ಟು ಕೊಟ್ಟಿದ್ದರು. ಹಾಗಾದರೆ ಇವರದು ಊಟ ಆಗಿರಲಿಲ್ಲ. ಆ ಇಪ್ಪತ್ತು ಪಾಯಿಂಟ್ ನಾಲ್ಕು ಖಾಲಿ ಹೊಟ್ಟೆಯದು.

ಮದುವೆಯಾಗಿ ಇಪ್ಪತ್ತೆಂಟು ವರ್ಷ, ಎಲ್ಲರದೂ ಆದ ಮೇಲೆ ಉಂಡವಳು ನಾನು. ಮಾಡಿದವಳು ಕೊನೆಗೆ ಉಣ್ಣುತ್ತಾಳೆ ಅಂತ ಆ ಭವನದಲ್ಲಿ ಯಾರಿಗೆ ಗೊತ್ತಿರದಿದ್ದರೂ ನನಗೆ ಗೊತ್ತಿರಬೇಕಿತ್ತು.

ಮನೆಗೆ ಬಂದು ಅನ್ನಕ್ಕಿಟ್ಟೆ. ಕುಕ್ಕರು ಎಷ್ಟು ಸಲ ಕೂಗಿತೋ ತಿಳಿಯಲಿಲ್ಲ. ಹೇಳದೆ ಇರಬಹುದಿತ್ತು. ಕಾಗದದ ಮೇಲೆ ನನ್ನ ತಪ್ಪು ಎಲ್ಲೂ ಇರಲಿಲ್ಲ. ಕೇಳಿದ್ದೆ, ಆತು ಅಂದಿದ್ದರು, ಟಿಕ್ ಹಾಕಿದ್ದೆ. ಆದರೆ ಹಾಗೇ ಟಿಕ್ ಹಾಕಿಸಿಕೊಂಡವರು ಇನ್ನೂ ಎಷ್ಟು ಜನ? ನೀಲಿ ಗೆರೆಯಿದ್ದೂ ಮರು ಪರೀಕ್ಷೆಗೆ ಬಾರದವರು ಯಾರು ಯಾರು? ಆ ಪ್ರಶ್ನೆ ಬಂದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಒಲೆ ಆರಿಸಿ ಬೀದಿಯ ಕೊನೆಯ ಮನೆಗೆ ಹೋದೆ.

ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಫೋನಿನಲ್ಲಿ ನಾನಾಡಿದ ಮಾತನ್ನೂ ಹೇಳಿದೆ. ಅದನ್ನು ಹೇಳುವುದು ಕಷ್ಟವಾಯಿತು. ಅವರು ಕನ್ನಡಕ ತೆಗೆದು ಒರೆಸಿದರು. “ಗಾಬರಿ ಬ್ಯಾಡ ಅಂದದ್ದು ತಪ್ಪು” ಅಂದರು. “ಅದನ್ನ ನಾನು ಇಲ್ಲ ಅನ್ನಲ್ಲ. ಆದರೆ ಆ ಫಾರ್ಮ್ ಮಾಡಿದವಳು ನಾನು. ಈ ಊರಲ್ಲಿ ಊಟ ಆತಾ ಅಂದ್ರೆ ಯಾರು ಇಲ್ಲ ಅಂತಾರೆ? ನಂಗೂ ಹೊಳೀಲಿಲ್ಲ. ಏಳಿ, ಫೈಲ್ ತೆಗೀರಿ.”

ನೀಲಿ ಗೆರೆಯಿದ್ದು ಬಾರದೆ ಉಳಿದವರು ಇನ್ನೂ ಮೂವರಿದ್ದರು. ಮರುದಿನದಿಂದ ನಾನೇ ಅವರ ಮನೆಗಳಿಗೆ ಹೋದೆ. ಒಬ್ಬರು ಹರಿಹರದ ಹೊಳೆ ಕಡೆಯ ಬೀದಿಯಲ್ಲಿ ಹೊಲಿಗೆ ಹಾಕುವವರು. “ಅವತ್ತು ತಟ್ಟೆ ಇಸ್ಕೊಂಡಿದ್ದೆ ಅಕ್ಕಾರೆ, ಮೊಮ್ಮಗಳಿಗೆ ಅಂತ ಡಬ್ಬಿಗೆ ಹಾಕ್ಕೊಂಡೆ” ಅಂದರು. ಅವರ ರೀಡಿಂಗ್ ಹದಿಮೂರು ಇತ್ತು. ಆ ವಾರವೇ ದಾವಣಗೆರೆಗೆ ಕರೆದುಕೊಂಡು ಹೋದೆ. ಈಗ ಔಷಧಿಯಲ್ಲಿದ್ದಾರೆ, ತೂಕ ಇಳಿಸಿದ್ದಾರೆ, ಮೊನ್ನೆಯ ಪರೀಕ್ಷೆಯಲ್ಲಿ ಹತ್ತಕ್ಕೆ ಬಂದಿದೆ. ಉಳಿದಿಬ್ಬರದು, ಮತ್ತೆ ಮಾಡಿಸಿ ನೋಡಿದಾಗ, ನಿಜವಾಗಿಯೂ ಉಪ್ಪಿಟ್ಟಿನದೇ ಏರಿಕೆ.

ಹನ್ನೊಂದನೆಯ ಕಲಮನ್ನು ಹೊಸದಾಗಿ ಬರೆಯಲು ಡಾಕ್ಟರಮ್ಮ ನನಗೇ ಹೇಳಿದರು. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಎಸ್, ನೋ ಅಂತ ಒಂದೇ ಮಾತಲ್ಲಿ ಉತ್ತರ ಕೊಟ್ಟರೆ ಕೂರಲು ಬಿಡುತ್ತಿರಲಿಲ್ಲ. ಪೂರ್ತಿ ವಾಕ್ಯ ಹೇಳುವವರೆಗೆ ನಿಂತಿರಬೇಕು. ಆಗ ಎಷ್ಟು ಬೇಜಾರಾಗುತ್ತಿತ್ತು. ಚೌಕಗಳನ್ನು ತೆಗೆದು ಖಾಲಿ ಗೆರೆ ಎಳೆದು ಬರೆದೆ: ‘ಕೊನೆಯದಾಗಿ ಬಾಯಿಗೆ ಹಾಕಿದ್ದು ಏನು? ಎಷ್ಟು ಗಂಟೆಗೆ?’

ಅಡುಗೆಯಮ್ಮ ಮನೆಗೆ ಬಂದ ಮೇಲೆ ಕಡರನಾಯಕನಹಳ್ಳಿಗೆ ಹೋಗಿ ಅವರಿಗೂ ಹೇಳಿದೆ. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಕಣ್ಣು ಹಳದಿ. ನನ್ನ ಮಾತು ಮುಗಿಯುವವರೆಗೆ ಬೆರಳಲ್ಲಿ ಹೊದಿಕೆಯ ಅಂಚು ಮಡಚುತ್ತಿದ್ದರು.

“ಊಟ ಆತಾ ಅಂದ್ರ ಆತು ಅನ್ನೋದಲ್ರಿ ಮತ್ತ?” ಅಂದರು. “ಇಲ್ಲ ಅಂದಿದ್ರ ನೀವು ತಟ್ಟಿ ತರಾಕ ಓಡ್ತಿದ್ರಿ. ಸಾಲು ನಿಂತಿತ್ತು.”

“ಫೋನಿನಲ್ಲಿ ನಾನು ಏನಿಲ್ಲ ಅಂದುಬಿಟ್ಟೆ.”

“ಹ್ಞೂ. ಅದು...” ಅಂದು ಮಡಚಿದ ಅಂಚನ್ನು ಬಿಡಿಸಿದರು. ಅಂಗಳದಲ್ಲಿ ಕೋಳಿ ಕೆದರುತ್ತಿತ್ತು. “ನೀವು ಅವತ್ತು ಭಾಳ ಐತೆ ಅಂದಿದ್ರ ನಾನು ಹೋಳಿಗಿ ಬಿಟ್ಟು ಬರ್ತಿದ್ದೆ, ಅಕ್ಕಾರೆ.”

ಅಷ್ಟೇ. ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೊರಡುವಾಗ, “ಬಸ್ಸು ಹಳೇ ಕ್ವಾಟಿ ಗ್ವಾಡಿ ಹತ್ರ ನಿಲ್ಲಂಗಿಲ್ಲ, ಮುಂದ ಹೋಗಿ ನಿಲ್ರಿ” ಅಂದರು.

ಆಮೇಲೂ ನಾಲ್ಕೈದು ಸಲ ಹೋದೆ. ಹೊಟ್ಟೆಯ ನೀರು ತೆಗೆಸಲು ಆಸ್ಪತ್ರೆಗೆ ಜೊತೆಯಾದೆ. ಪ್ರತಿ ಸಲವೂ ಅವರು ಇನ್ನಷ್ಟು ಹಗುರಾಗಿರುತ್ತಿದ್ದರು. ಎರಡನೆಯ ಸಲ ರಕ್ತನಾಳ ಒಡೆದಾಗ ಆಸ್ಪತ್ರೆ ಮುಟ್ಟಲಿಲ್ಲ. ಹರಿಹರ ದಾಟುವಷ್ಟರಲ್ಲಿ ಮುಗಿದಿತ್ತು ಅಂತ ಸೊಸೆ ಫೋನಿನಲ್ಲಿ ಹೇಳಿದಳು.

ಶಿವಗಣಾರಾಧನೆಗೆ, ತೀರಿಕೊಂಡವರ ಹೆಸರಿನ ಊಟಕ್ಕೆ, ಹೋಗಿದ್ದೆ. ಅಂಗಳದಲ್ಲಿ ಶಾಮಿಯಾನ, ಸಾಲಾಗಿ ಎಲೆಗಳು. ಅವರ ಸೌಟು ಈಗ ಸೊಸೆಯ ಕೈಯಲ್ಲಿತ್ತು. ಸೆರಗು ಸೊಂಟಕ್ಕೆ ಬಿಗಿದು ಸಾಲಿನಿಂದ ಸಾಲಿಗೆ ಓಡಾಡುತ್ತಿದ್ದಳು. ಮೂರು ಪಂಕ್ತಿ ಎದ್ದವು. ನನ್ನ ಎಲೆಗೆ ಅನ್ನ ಹಾಕಲು ಬಂದಾಗ ಅವಳ ತುಟಿ ಒಣಗಿ ಬಿಳಿಚಿಕೊಂಡದ್ದು ಕಂಡಿತು.

“ನಿಂದು ಊಟ ಆತೇನವ್ವ?”

“ಆತ್ರಿ ಅಕ್ಕಾರೆ, ಆತು.”

“ಏನು ಉಂಡಿ? ಎಷ್ಟು ಗಂಟೆಗೆ?”

ಅವಳು ನನ್ನ ಮುಖ ನೋಡಿದಳು. ಸೌಟಿನಿಂದ ನಾಲ್ಕು ಅಗುಳು ನೆಲಕ್ಕೆ ಬಿದ್ದವು. ನಾನು ಎದ್ದು ಸೌಟನ್ನು ಅವಳ ಕೈಯಿಂದ ಬಿಡಿಸಿಕೊಂಡೆ. ಭುಜ ಹಿಡಿದು ನನ್ನ ಎಲೆಯ ಮುಂದೆ ಕೂರಿಸಿ, ಬಡಿಸಿದೆ.